ಬಾನುಬೀಗೆ ಕೇಳುವ ಕೆಮ್ಮು

ಗಿಣಿಗೇರಾದ ನಮ್ಮ ಓಣಿಗೆ ಬಳೆ ಮಾರಲು ಬರುವ ಬಾನುಬೀ ನಡೆಯುತ್ತಿದ್ದವಳು ಗಕ್ಕನೆ ನಿಂತು ಹಿಂತಿರುಗಿ ನೋಡುತ್ತಾಳೆ. ಹಿಂದೆ ಯಾರೂ ಇರುವುದಿಲ್ಲ. ಅವಳ ಮಗಳು ಖುಷ್ಬು ಕೆಮ್ಮಿದ್ದು ಅವಳಿಗೆ ಕೇಳಿರುತ್ತದೆ. ಎಳೆಯ ಕೂಸು ಖುಷ್ಬು ದಡಾರ ಬಂದು, ಅದು ಎದೆಗಿಳಿದು ತೀರಿಕೊಂಡು ವರ್ಷಗಳಾದವು. ಬಾನುಬೀಗೆ ತಲೆ ಕೆಟ್ಟಿದೆ ಎನ್ನುವವರಿದ್ದಾರೆ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಒಮ್ಮೆ ಅವಳ ಜೊತೆ ನಾನೂ ತಿರುಗಿ ನೋಡಿದ್ದೆ. ಖಾಲಿ ಓಣಿ ಕಂಡು ಸರಸರನೆ ಮನೆ ಸೇರಿಕೊಂಡೆ.

ಹೋದ ದೀಪಾವಳಿಗೆ ಮುಂಚೆ ನನ್ನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದೆವು. ಬಂದವರಿಗೆಲ್ಲ ಬಳೆ ಇಡಿಸಲು ಬಾನುಬೀಯನ್ನೇ ಕರೆಸಿದ್ದೆ. ಪಡಸಾಲೆ ತುಂಬ ಮಕ್ಕಳು. ಯಾರೋ ಕೆಮ್ಮಿದರು. ಬಾನುಬೀ ತಲೆ ಎತ್ತಲಿಲ್ಲ. ತನ್ನ ಖುಷ್ಬುವೇ ಅಂದುಕೊಂಡು, ಶುಭಕಾರ್ಯದಲ್ಲಿ ತಿರುಗಿ ನೋಡಿದರೆ ಜನ ಆಡಿಕೊಂಡಾರೆಂದು ತಡೆದುಕೊಂಡಳಂತೆ. ಮತ್ತೆ ಕೆಮ್ಮು ಕೇಳಿದಾಗಲೂ ಬಳೆ ಆರಿಸುತ್ತಲೇ ಇದ್ದಳು. ಅಷ್ಟರಲ್ಲಿ ಕುಷ್ಟಗಿಯಿಂದ ಬಂದಿದ್ದ ಬೀಗತಿ ಮುದಕಮ್ಮ ತನ್ನ ಪುಟ್ಟ ಮೊಮ್ಮಗಳ ಕೈಯನ್ನು ಮುಂದೆ ಚಾಚಿಸಿದಳು. ಆ ಕೈ ಹಿಡಿದದ್ದೇ ತಡ, ಬಾನುಬೀಯ ಮುಖದ ಕಳೆ ಹೋಯಿತು. ಕೈ ಸುಡುತ್ತಿತ್ತು. ಹುಡುಗಿಯ ಕಣ್ಣು ಕೆಂಪಾಗಿ ಮೂಗು ಸೋರುತ್ತಿತ್ತು. ಕಿವಿಯ ಹಿಂದೆ ಸಣ್ಣ ಕೆಂಪು ದದ್ದು ಎದ್ದಿದ್ದವು.

“ಅಕ್ಕಾರ, ಈ ಕೂಸಿಗೆ ದಡಾರ ಐತ್ರಿ! ತೊಟ್ಟಲದಾಗಿನ ಕೂಸನ್ನ ಒಳಗ ಒಯ್ಯಿರಿ, ಮಕ್ಕಳನ್ನ ಹೊರಗ ಕಳಸ್ರಿ.”

ಮುದಕಮ್ಮ ಸಿಡಿದೆದ್ದಳು. “ಶುಭಕಾರ್ಯದಾಗ ಏನ್ ಮಾತಾಡ್ತಿ? ಅಮ್ಮ ಬಂದ್ರ ಬೇವಿನ ತಪ್ಪಲ ಕಟ್ಟಿ ಮನ್ಯಾಗ ಇಟ್ಕೋತೀವಿ. ದವಾಖಾನಿ ಅಂದ್ರ ಸಿಟ್ಟಾಗ್ತಾಳ.”

“ಎಲ್ಲಾರೂ ಹೇಳಿದ್ರಂತ ನಾನೂ ಹಂಗ ಮಾಡಿದ್ನಿರಿ,” ಎಂದಳು ಬಾನುಬೀ. “ದಡಾರದ ಸೂಜಿ ಹಾಕಿಸಿದ್ರ ಜ್ವರ ಬರತಾವಂತ ಹಾಕಿಸಲಿಲ್ಲ. ದಡಾರ ಎದ್ದಮ್ಯಾಲ ಬೇವು ಕಟ್ಟಿ ಕುಂತೆ. ಆ ಎಲಿ ಒಣಗೂತನಾನೂ ಉಳೀಲಿಲ್ಲರಿ ನನ್ನ ಖುಷ್ಬು.”

ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಅಂಗಳಕ್ಕೆ ನಡೆದರು. ದೇವಿಗೆ ಸಿಟ್ಟು ಬಂದರೆ ನನ್ನ ಮೇಲೆಯೇ ಬರಲಿ ಎಂದು ನಾನು ಆಟೋ ಕರೆಸಿ ಅಜ್ಜಿ ಮೊಮ್ಮಗಳನ್ನು ಕೊಪ್ಪಳದ ದವಾಖಾನೆಗೆ ಕಳಿಸಿದೆ. ಅದು ದಡಾರವೇ ಆಗಿತ್ತು. ಹುಡುಗಿ ಬಹಳ ಸೊರಗಿದಳು, ಆದರೆ ಬದುಕಿದಳು. ಒಂಬತ್ತು ತಿಂಗಳ ಸೂಜಿ, ಒಂದೂವರೆ ವರ್ಷದ ಸೂಜಿ ತಪ್ಪಿಸಿಕೊಂಡ ಮಕ್ಕಳನ್ನೆಲ್ಲ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಹುಡುಕಿ ಹಾಕಿಸಿದಳು. ತೊಟ್ಟಿಲ ಕೂಸಿಗೆ ಸೂಜಿಯ ವಯಸ್ಸೇ ಆಗಿರಲಿಲ್ಲ. ಅದು ಸೀನಿದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ನನ್ನ ದೊಡ್ಡ ಮೊಮ್ಮಗಳಂತೂ ಅಂದು ಆ ಹುಡುಗಿಯ ಜೊತೆ ಒಂದೇ ತಟ್ಟೆಯಲ್ಲಿ ಉಂಡಿದ್ದಳು. ಎರಡೂ ಸೂಜಿ ಆಗಿದ್ದರಿಂದ ಅವಳ ಮೈಮೇಲೆ ಒಂದು ದದ್ದೂ ಏಳಲಿಲ್ಲ.

ಇದನ್ನೆಲ್ಲ ಹೇಳಿ ಒಂದು ಸೀರೆ ಕೊಡೋಣವೆಂದು ಬಾನುಬೀಯನ್ನು ಕರೆಸಿದೆ. ಅಂಗಳದಲ್ಲಿ ಕುಣಿಯುತ್ತಿದ್ದ ದೊಡ್ಡ ಮೊಮ್ಮಗಳನ್ನು ಅವಳು ಬಹಳ ಹೊತ್ತು ನೋಡಿದಳು.

“ಖುಷಿ ಆತ್ರಿ ಅಕ್ಕಾರ,” ಎಂದಳು. “ಸುಳ್ಳ ಯಾಕ ಹೇಳ್ಲಿ, ಹೊಟ್ಟಿನೂ ಉರೀತು. ಎರಡ ಸೂಜಿ. ಇಷ್ಟ ಸರಳ ಇತ್ತೇನ್ರಿ ಅದು?”