ಕಿರ್ರಣ್ಣನ ಬೂಟು
ವಿಶ್ವವಿದ್ಯಾಲಯದ ಆವರಣಕ್ಕೆ ‘ಜನಸ್ನೇಹಿ ಪೊಲೀಸ್’ ಆಗಿ ಬಂದ ಪೇದೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಕಿರ್ರಣ್ಣ; ಏಕೆಂದರೆ ಆಸಾಮಿ ಕಾಣಿಸುವ ಮೊದಲೇ ಅವನ ಬೂಟು ಕಿರ್ರೆನ್ನುತ್ತ ಬಂದುಬಿಡುತ್ತದೆ. ಗ್ರಂಥಾಲಯದ ಅಟೆಂಡರ್ ಅಕ್ಕನಿಗೆ ಕಿಟಕಿಯಿಂದ ನೋಡಲು ಇದೇ ಒಂದು ತಮಾಷೆ. ಆ ಸದ್ದು ಕೇಳಿದ್ದೇ ಮರದಡಿಯ ಜೋಡಿಗಳು ದೂರ ಸರಿದು ಪುಸ್ತಕ ಬಿಡಿಸುತ್ತವೆ. ಪುಸ್ತಕ ತಲೆಕೆಳಗಾಗಿದ್ದರೆ ಕಿರ್ರಣ್ಣನೇ ತಿರುಗಿಸಿ ಕೊಟ್ಟು ಮುಂದೆ ಹೋಗುತ್ತಾನೆ. ಹೊಡೆದಾಟಕ್ಕೆ ತೋಳೇರಿಸಿದವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಹಾಡತೊಡಗುತ್ತಾರೆ. “ಬೂಟಿಗೆ ಒಂದಿಷ್ಟು ಎಣ್ಣೆ ಬಿಡಯ್ಯಾ, ಹೀಗಾದ್ರೆ ನೀನು ಕಳ್ಳರನ್ನ ಹಿಡಿದ ಹಾಗೇ!” ಎಂದು ಇನ್‌ಸ್ಪೆಕ್ಟರು ಬೈದರೆ, “ಇಲ್ಲಿರೋದು ಮಕ್ಕಳು ಸಾರ್, ತಪ್ಪು ಮಾಡೋಕೆ ಮುಂಚೆನೇ ಎಚ್ಚರ ಆಗ್ಲಿ ಬಿಡಿ” ಎನ್ನುತ್ತಾನೆ. ಇಂಥವನು ಫಲಿತಾಂಶದ ದಿನ ಮಾತ್ರ ಗ್ರಂಥಾಲಯದ ಮೆಟ್ಟಿಲ ಬುಡದಲ್ಲಿ ಬೂಟು ಕಳಚಿಟ್ಟು, ಬೆಕ್ಕಿನ ಹಾಗೆ ತಾರಸಿಗೆ ಹತ್ತುತ್ತಾನೆ. ಕದ್ದು ಬೀಡಿ ಸೇದಲಿಕ್ಕೇ ಇರಬೇಕೆಂದು ಅಕ್ಕ ಈ ಸಲ ಬೆನ್ನು ಹತ್ತಿ ಹೋಗಿ, ಅರ್ಧ ಮೆಟ್ಟಿಲಲ್ಲೇ “ಏನಪ್ಪಾ, ಇವತ್ತು ಬೂಟಿಗೆ ರಜವಾ?” ಎಂದು ಕೇಳಿಯೇಬಿಟ್ಟಳು. ಅವನು ತುಟಿಗೆ ಬೆರಳಿಟ್ಟ. “ಮೆಲ್ಲಗೆ ಅಕ್ಕಾ. ಮೇಲೆ ಯಾರಾದ್ರೂ ಅಂಚಲ್ಲಿ ಕೂತಿದ್ರೆ ಬೆಚ್ಚಿಬೀಳಬಾರ್ದಲ್ಲ.” ಅಕ್ಕ ಸದ್ದಿಲ್ಲದೆ ಕೆಳಗಿಳಿದು ಬಂದು, ತನ್ನ ಚಪ್ಪಲಿಯನ್ನೂ ಆ ಬೂಟಿನ ಪಕ್ಕದಲ್ಲಿ ಬಿಟ್ಟು ಮತ್ತೆ ಮೆಟ್ಟಿಲು ಹತ್ತಿದಳು.