ಬಾಗಿಲು ಒಂದು, ಒಲೆ ಎರಡು

ನಿಮ್ಮ ಹತ್ತಿರ ಮುಚ್ಚಿಡುವುದೇನು, ಒಂದೇ ಹೆಸರು ಎರಡು ಸಲ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆ ಮನೆಯ ಬ್ಯಾನರಿನಲ್ಲಿ ಒಬ್ಬನ ಫೋಟೊ ಎರಡು ಕಡೆ ಇದ್ದರೂ ಒಂದನ್ನು ಅಳಿಸಬೇಕೆನಿಸುತ್ತದೆ. ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನಿಂದ ಅಂಟಿದ್ದು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ನಾನು. ಬ್ಯಾಡಗಿ, ಹಾವೇರಿಯ ಅಂಗಡಿಗಳಿಂದ ಬೀಜ ಕೊಂಡ ರೈತರ ಹೆಸರುಗಳು ಬರುತ್ತವೆ. ಒಬ್ಬನೇ ರೈತ ಹತ್ತಿಗೊಮ್ಮೆ, ಗೋವಿನಜೋಳಕ್ಕೊಮ್ಮೆ, ಮೆಣಸಿನಕಾಯಿಗೊಮ್ಮೆ ಹಾಜರಿ ಹಾಕಿರುತ್ತಾನೆ. ಸಾಲು ಎಷ್ಟಾದರೂ ಇರಲಿ, ತಲೆ ಎಷ್ಟು ಹೇಳು ಎನ್ನುತ್ತಾರೆ ಸಾಹೇಬರು. ನಾನು ಫೋನ್ ನಂಬರಿನ ಕಾಲಂ ಹಿಡಿದು ಗುಂಡಿ ಒತ್ತುತ್ತೇನೆ. ಒಂದು ನಂಬರಿಗೆ ಒಂದೇ ಸಾಲು ಉಳಿಯುತ್ತದೆ. ಕಸ ಹೊಡೆದ ಅಂಗಳ ನೋಡಿದಾಗ ನನ್ನ ಹೆಂಡತಿಗೆ ಆಗುವ ಸುಖ ಆಗ ನನಗಾಗುತ್ತದೆ.

ಈ ಜಾಣತನವನ್ನು ಆಫೀಸಿನಲ್ಲೇ ಬಿಟ್ಟು ಬರಬೇಕಿತ್ತು. ಬಸುರಿ ಮಗಳ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸ, ಬಂತು. ಕರೆಯಬೇಕಾದವರ ಪಟ್ಟಿ ಹೆಂಡತಿಯದೊಂದು, ಅಣ್ಣನದೊಂದು. ಎರಡನ್ನೂ ಕೂಡಿಸಿ ಅದೇ ಗುಂಡಿ ಒತ್ತಿದೆ. ಲೆಕ್ಕ ಚೊಕ್ಕಟವಾಯಿತೆಂದು ಬೀಗಿದೆ. ಪಟ್ಟಿ ಹಿಡಿದು ಗಂಡ ಹೆಂಡತಿ ಊರೂರು ತಿರುಗಿದೆವು. ಕುಪ್ಪೇಲೂರಿನಲ್ಲಿ ಸೋದರತ್ತೆಯ ಮನೆ. ಅತ್ತೆ ಹೊಲಕ್ಕೆ ಹೋಗಿದ್ದಳು. ಹಿರಿಯ ಮಗನ ಪಡಸಾಲೆಯಲ್ಲಿ ಕುಂಕುಮ ಕೊಟ್ಟು ಕರೆದು, ಬಸ್ ತಪ್ಪೀತೆಂದು ಓಡಿದೆವು.

ಸಂಜೆ ಅತ್ತೆಯ ಫೋನು. ಅವಳ ಇಬ್ಬರು ಗಂಡುಮಕ್ಕಳು ಹೋದ ವರ್ಷ ಬೇರೆಯಾಗಿದ್ದರು. ಬೇರೆ ಎಂದರೆ ಬಾಗಿಲು ಒಂದೇ, ಒಲೆ ಎರಡು. ಪಟ್ಟಿಯಲ್ಲಿ ಇಬ್ಬರ ಮುಂದೆಯೂ ಅತ್ತೆಯ ನಂಬರೇ ಇತ್ತು, ನನ್ನ ಗುಂಡಿ ಕಿರಿಯನ ಒಲೆಯನ್ನು ನಂದಿಸಿಬಿಟ್ಟಿತ್ತು. ನಮ್ಮ ಕಡೆ ಕರೆಯುವುದು ಒಲೆಯನ್ನು, ಬಾಗಿಲನ್ನಲ್ಲ. ಗೋಡೆಯಾಚೆ ಕೂತವನಿಗೆ ಕೇಳಿಸಿದ್ದರೂ ಅವನನ್ನು ಕರೆದಂತಾಗುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಕಣ್ಣಿಗಿಂತ ಕೋಷ್ಟಕವನ್ನು ನಂಬಿದ್ದೆ.

"ಸಣ್ಣಾಂವನ ಒಲಿ ಕರೀದಿದ್ರ ನಾನೂ ಬರಾಂಗಿಲ್ಲೋ ತಮ್ಮಾ," ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ. ಮಗಳನ್ನು ಕೂಸಿದ್ದಾಗ ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ಅವಳು. ಅಜ್ಜಿ ಬರದಿದ್ದರೆ ಕುಬಸವೇ ಬೇಡ ಎಂದು ಮಗಳು ಕಣ್ಣು ತುಂಬಿಕೊಂಡಳು. ನನಗೆ ನಾಚಿಕೆಯಾಯಿತು.

ಮರುದಿನ ಹೆಂಡತಿಯನ್ನು ಕರೆದುಕೊಂಡು ಮತ್ತೆ ಕುಪ್ಪೇಲೂರಿಗೆ ಹೋದೆ. ಕಿರಿಯ ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ಅವನ ಹೆಂಡತಿ ಚಹಾ ತಂದಳು, ಸಕ್ಕರೆ ಮಾತ್ರ ಹಿರಿಯನ ಮನೆಯಿಂದ ಕಡ ಬಂದದ್ದನ್ನು ನಾನೇ ನೋಡಿದೆ. ಹಿರಿಯನೂ ಅತ್ತೆಯೂ ಅಲ್ಲಿಗೇ ಬಂದು ಕೂತರು, ಕುಂಕುಮ ಕೊಟ್ಟು ಕರೆದದ್ದಾಯಿತು. ಅಷ್ಟಕ್ಕೆ ಎದ್ದು ಬರಬಾರದೆ? ಅಡಿಗೆಯವರಿಗೆ ಹೇಳಬೇಕು, ಎಷ್ಟು ಮಂದಿ ಬರುತ್ತೀರಿ ಎಂದೆ. ಹಿರಿಯ ತನ್ನ ಮನೆಯವರನ್ನು ಎಣಿಸಿ ಕೊನೆಗೆ ಅವ್ವ ಎಂದ. ಕಿರಿಯನೂ ಎಣಿಸಿ ಕೊನೆಗೆ ಅವ್ವ ಎಂದ. ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದ ನನ್ನ ಕೈ ಸುಮ್ಮನಿರಲಿಲ್ಲ. ಅತ್ತೆ ಎರಡು ಸಲ ಬಂದಳಲ್ಲ, ಯಾವ ಕಡೆಯದು ತೆಗೆಯಲಿ ಎಂದು ಕೇಳಿಯೇಬಿಟ್ಟೆ.

ಇಬ್ಬರೂ ಅವ್ವನ ಮುಖ ನೋಡಿದರು. ಎತ್ತು, ಪಾತ್ರೆ, ಹೊಲ ಎಲ್ಲವನ್ನೂ ಹಂಚಿಕೊಂಡ ಅಣ್ಣತಮ್ಮಂದಿರು ಈ ಒಂದು ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದ್ದರು. ಅತ್ತೆ ಮುಂಜಾನೆ ಒಂದು ಒಲೆ, ಸಂಜೆ ಇನ್ನೊಂದು ಒಲೆ ಎಂದು ದಿನ ತಳ್ಳುತ್ತಿದ್ದಳು.

"ಎರಡೂ ಕಡೆ ಇರ್ಲಿ," ಎಂದಳು ಅತ್ತೆ. "ಒಬ್ಬಾಂವಂದು ತಗದ್ರ ಆಂವ ಅವ್ವ ಇಲ್ಲದಾಂವ ಆಕ್ಕಾನ."

ನಾನು ಮೊಬೈಲು ಜೇಬಿಗಿಳಿಸಿದೆ.

ಕುಬಸದ ದಿನ ಒಂದು ಊಟ ಹೆಚ್ಚಿಗೇ ಹೇಳಿದ್ದೆ. ಪಂಕ್ತಿಯಲ್ಲಿ ಹಿರಿಯ ತನ್ನ ಬಲಕ್ಕೆ ಅವ್ವನಿಗೆಂದು ಜಾಗ ಹಿಡಿದಿದ್ದ, ಕಿರಿಯ ತನ್ನ ಎಡಕ್ಕೆ. ಹೋಗಿ ನೋಡಿದರೆ ಇಬ್ಬರೂ ಹಿಡಿದದ್ದು ಒಂದೇ ಜಾಗ. ಅತ್ತೆ ಬಂದು ಅಲ್ಲಿ ಕೂತಳು.