ಪ್ರಾಗ್‌ನಲ್ಲಿ ಕೇಳದೆ ಉಳಿದ ಸುದ್ದಿ

ಪ್ರಾಗ್ ಹೇಗಿತ್ತು ಅಂತ ಕಾಲೇಜಿನಲ್ಲಿ ಈಗಲೂ ಕೇಳುತ್ತಾರೆ. ಚೆನ್ನಾಗಿತ್ತು ಅನ್ನುತ್ತೇನೆ, ಫೋಟೊ ತೋರಿಸುತ್ತೇನೆ. ಹಾಳಾದ್ದು, ಎಲ್ಲ ಫೋಟೊದಲ್ಲೂ ನಗುತ್ತಿದ್ದೇನೆ.

ನಾನು ಹಾಸನದಲ್ಲಿ ಪಾಠ ಮಾಡುವವಳು. ರಜೆಯಲ್ಲಿ ಜೊತೆಯ ಗೆಳತಿಯೊಬ್ಬಳೊಂದಿಗೆ ಟೂರಿನವರ ಗುಂಪು ಸೇರಿ ಹೊರಟಿದ್ದೆ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಇದಕ್ಕೆ ಕುಣಿದಾಡಿದ್ದು ಅಪ್ಪನ ತಾಯಿ, ನನ್ನ ಅಜ್ಜಿ, ಒಬ್ಬಳೇ.

"ಅಲ್ಲಿ ಹೊಳೆ ಇದ್ಯೇನೇ?" ಅಂದಳು.

"ಇದೆ ಅಜ್ಜಿ. ಊರ ಮಧ್ಯಾನೇ."

"ಹಂಗಾದ್ರೆ ಊರು ಚೆನ್ನಾಗೇ ಇರುತ್ತೆ ಬಿಡು. ಫೋನಲ್ಲಿ ತೋರ್ಸು, ನೋಡ್ತೀನಿ."

ಮೊದಮೊದಲು ಎಲ್ಲ ಸರಿಯಾಗಿತ್ತು. ಕಲ್ಲು ಹಾಸಿದ ಬೀದಿಗಳಲ್ಲಿ ನಡೆದು ಕಾಲು ಬಿದ್ದುಹೋಯಿತು. ತಣ್ಣನೆಯ ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಆಮೇಲೊಂದು ದಿನ, ಅಜ್ಜಿಗೆ ಹೊಳೆ ತೋರಿಸೋಣವೆಂದು ಹಳೆಯ ಸೇತುವೆಯ ಮೇಲೆ ನಿಂತು ವಿಡಿಯೊ ಕಾಲ್ ಮಾಡಿದೆ. ಅಮ್ಮ ಎತ್ತಿದಳು.

"ಅಜ್ಜಿ ಎಲ್ಲಿ?"

"ಮಲಗಿದಾರೆ ಕಣೆ."

"ಏನಡುಗೆ ಇವತ್ತು?"

"ಪಕ್ಕದ್ಮನೆಯಿಂದ ಬಂದಿತ್ತು."

ಅಷ್ಟರಲ್ಲಿ ಅವಳ ಹಿಂದೆ ಅಪ್ಪ ಹಾದುಹೋದರು. ತಲೆ ಬೋಳು. ಮೀಸೆ ಇರಲಿಲ್ಲ. ಅಮ್ಮ ತಟ್ಟನೆ ಫೋನನ್ನು ಮೇಲಕ್ಕೆ ತಿರುಗಿಸಿದಳು. ಫ್ಯಾನು ಕಾಣಿಸಿತು.

ಅಪ್ಪ ಮೀಸೆ ತೆಗೆಸಿದ್ದನ್ನು ನಾನು ಕಂಡಿದ್ದು ತಾತ ಹೋದಾಗ ಮಾತ್ರ.

ನಮ್ಮಲ್ಲಿ ದೂರ ಇರುವವರಿಗೆ ಸೂತಕ ಹಿಡಿಯುವುದು ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ. ಕೇಳಿದ ಕೂಡಲೇ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು. ಕೇಳುವ ತನಕ ಏನೂ ಇಲ್ಲ, ಹೋದವರು ನಮ್ಮ ಪಾಲಿಗೆ ಇದ್ದ ಹಾಗೇ. ಪರದೇಶದಲ್ಲಿ ಹುಡುಗಿ ಮೈಲಿಗೆ ಹೊತ್ತುಕೊಂಡು ಒಬ್ಬಳೇ ಅಳುವುದು ಬೇಡ ಅಂತ ಅಮ್ಮ ಲೆಕ್ಕ ಹಾಕಿದ್ದಳು. ನಾನು ಇನ್ನೊಂದು ಮಾತು ಕೇಳಿದ್ದರೂ ಸಾಕಿತ್ತು, ತಡೆಯಲಾರದೆ ಗೋಳೋ ಅಂದುಬಿಡುತ್ತಿದ್ದಳು. ನಾನು ಕೇಳಲಿಲ್ಲ.

"ಹೊಳೆ ನೋಡಮ್ಮ" ಎಂದು ಫೋನ್ ತಿರುಗಿಸಿದೆ.

"ಚೆನ್ನಾಗಿದೆ ಕಣೆ" ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಹೊಳೆ ನೋಡಿದೆವು.

ಅಲ್ಲಿಂದಾಚೆಗೆ ಊರು ಕಣ್ಣಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಚೌಕದಲ್ಲೊಂದು ದೊಡ್ಡ ಹಳೆಯ ಗಡಿಯಾರವಿದೆ. ಗಂಟೆಯಾದಾಗಲೆಲ್ಲ ಅದರಲ್ಲಿರುವ ಅಸ್ಥಿಪಂಜರದ ಗೊಂಬೆ ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ. ಜನ ಹೋ ಎಂದು ಫೋನ್ ಎತ್ತಿದರು. ನಾನೂ ಎತ್ತಿದೆ. ಏನೂ ಅನ್ನಿಸಲಿಲ್ಲ. ಕಾಫಿ ಕುಡಿದರೆ ಬಿಸಿ ಅಂತ ಗೊತ್ತಾಗುತ್ತಿತ್ತು, ಅಷ್ಟೆ.

"ಏನಾಯ್ತೇ? ಗರ ಬಡಿದೋಳ ಥರ ಇದೀಯ" ಅಂದಳು ಗೆಳತಿ.

"ಕಾಲುನೋವು" ಅಂದೆ. ಅವಳಿಗೆ ಹೇಳಿದರೆ ಆ ಮಾತು ನನ್ನ ಕಿವಿಗೂ ಬೀಳುತ್ತದಲ್ಲ.

ಅವಳೇ ಅಂಗಡಿಯೊಂದರಲ್ಲಿ ಉಣ್ಣೆಯ ಕಾಲುಚೀಲ ಆರಿಸಿ, "ನಿಮ್ಮಜ್ಜಿಗೆ ತಗೊಳೇ, ಬೇಸಿಗೇಲೂ ಕಾಲು ತಣ್ಣಗಿರುತ್ತೆ ಅಂತಿದ್ಯಲ್ಲ" ಅಂದಳು. ಬೇಡ ಅನ್ನಲು ಕಾರಣ ಹೇಳಬೇಕಿತ್ತು. ತಗೊಂಡೆ. ಅಜ್ಜಿಯ ಪಾದದ ಅಳತೆಗೆ ಸರಿಯಾದದ್ದನ್ನೇ ಹುಡುಕಿ ತಗೊಂಡೆ.

ವಾಪಸ್ ಬಂದು ಊರಿಗೆ ಹೊರಟೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುವಾಗ ಸಿಟ್ಟು ಹತ್ತಿಕೊಂಡಿತು. ಹೊಳೆದಂಡೆಗೆ ಅಜ್ಜಿಯನ್ನು ಒಯ್ದಾಗ ನಾನಿರಲಿಲ್ಲ. ಮುಖ ನೋಡಲಿಲ್ಲ. ನನ್ನನ್ನು ಬಿಟ್ಟು ಎಲ್ಲ ಮುಗಿಸಿಬಿಟ್ಟರಲ್ಲ, ಇವರ ಮಡಿಗಿಷ್ಟು ಬೆಂಕಿ ಹಾಕ! ಕೇಳಬಾರದು ಅಂತ ಬಾಯಿ ಮುಚ್ಚಿಕೊಂಡವಳು ನಾನೇ ಅನ್ನುವುದೂ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿನ ಆಟೊದವನು ಸಿಕ್ಕಿದ.

"ಯಾವಾಗ್ ಬಂದ್ರಕ್ಕ? ಪಾಪ, ಅಜ್ಜಮ್ಮೋರು..."

"ಒಂದ್ಮಾತೂ ಆಡ್ಬೇಡ!" ಕಿರುಚಿಬಿಟ್ಟೆ. "ಸುಮ್ನೆ ಓಡ್ಸಪ್ಪ."

ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. "ಆಯ್ತು ಕಣಕ್ಕ, ಆಯ್ತು" ಎಂದು ಗಾಡಿ ಹೊರಡಿಸಿದ.

ಬಾಗಿಲ ಮುಂದೆ ರಂಗೋಲಿ ಇರಲಿಲ್ಲ. ಅಮ್ಮ ನನ್ನನ್ನು ಒಳಗೆ ಬಿಡದೆ ಪಕ್ಕದ ಓಣಿಯಿಂದ ಹಿತ್ತಿಲಿಗೆ ಕರೆದುಕೊಂಡು ಹೋದಳು. ಒಗೆಯುವ ಕಲ್ಲಿನ ಪಕ್ಕ ಬಿಸಿನೀರಿನ ಬಕೆಟ್ಟು ಸಿದ್ಧವಾಗಿತ್ತು. ಚೊಂಬು ಕೈಗೆತ್ತಿಕೊಂಡಳು. ಸೊರಗಿಹೋಗಿದ್ದಳು. ಅವಳನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಟ್ಟವಳು ಬ್ಯಾಗನ್ನು ಕೆಳಗಿಳಿಸಿದೆ.

"ನಿಂಗೊಂದು ವಿಷ್ಯ ಹೇಳ್ಬೇಕು ಕಣೆ" ಅಂದಳು. "ಹೇಳ್ಲಾ?"

ಕಾಲುಚೀಲದ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಆಗ ಅಳು ಬಂತು.

"ಸ್ವಲ್ಪ ತಡಿಯಮ್ಮ" ಅಂದೆ. "ಇನ್ನೊಂಚೂರು ಇರ್ಲಿ ಅವಳು."

ಅಮ್ಮ ಚೊಂಬು ಹಿಡಿದುಕೊಂಡೇ ಕಲ್ಲಿನ ಮೇಲೆ ಕೂತಳು. ಬಕೆಟ್ಟಿನ ನೀರು ಆರುತ್ತಿತ್ತು.